ನಾಲ್ಕು ಇಂಚಿನ ಸುಳ್ಳು

ಹೋದ ವಾರ ಮಗಳು ಆನ್‌ಲೈನಿನಲ್ಲಿ ತರಿಸಿದ ಡಬ್ಬಿಯೊಂದನ್ನು ಅಡುಗೆಮನೆಯ ಕಟ್ಟೆಯ ಮೇಲೇ ಇಟ್ಟು ಬಿಚ್ಚಿದಳು. ಚಪ್ಪಲಿ ಡಬ್ಬಿಯನ್ನು ಒಲೆಯ ಪಕ್ಕ ಇಡುತ್ತಾರೇನೇ ಎಂದು ಬೈಯಲು ಬಾಯಿ ತೆಗೆದವಳು ಹಾಗೇ ನಿಂತುಬಿಟ್ಟೆ. ಹೊಸ ರೆಕ್ಸಿನ್ನು, ಅಂಟು, ಒಳಗೆ ತುರುಕಿದ ತೆಳು ಕಾಗದ... ಆ ವಾಸನೆ ಮೂಗಿಗೆ ಬಡಿಯಿತು. ಕಾಗದ ಸರಿಸಿದರೆ ಕಪ್ಪು ಬಣ್ಣದ ಹೈಹೀಲ್ಸ್. "ದಿನಾ ಕಾಲೇಜಿಗಿ ಇವನ್ನೇ ಹಾಕ್ಕೊಂಡು ಹೋಗಾಕಿ ನಾನು. ಬೆನ್ನು ನೋವು, ಮಣ್ಣು ಮಸಿ ಅಂತ ಶುರು ಮಾಡಬ್ಯಾಡಮ್ಮ" ಎಂದಳು. ಅವಳ ಕಾಲು, ಅವಳ ಇಷ್ಟ. ಹೆಣ್ಣುಮಕ್ಕಳು ದಿನಾ ಹೈಹೀಲ್ಸ್ ಹಾಕಬೇಕೋ ಬಿಡಬೇಕೋ ಎಂದು ವಾದ ಮಾಡುವವರು ಮಾಡಿಕೊಳ್ಳಲಿ, ಆ ವಾದಕ್ಕೆ ಕೂರುವ ಯೋಗ್ಯತೆ ನನಗಿಲ್ಲ. ನಾನು ಬೇಡವೆಂದವಳ ಕಾಲಿಗೆ ಅವನ್ನು ಹಾಕಿಸಿದವಳು.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ತವರುಮನೆಯ ಎದುರಿಗೆ ಒಬ್ಬ ಅಕ್ಕ ಇದ್ದಳು. ತಂದೆ ತೀರಿಕೊಂಡಿದ್ದರು, ಅವ್ವ ಮಗಳು ಇಬ್ಬರೇ. ಅಕ್ಕ ಜೀನ್ಸ್ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಮಷಿನ್ನಿಗೆ ಕೂರುತ್ತಿದ್ದಳು. ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ಸಂಜೆ ಮನೆಗೆ ಬಂದಾಗ ಅಂಗಾಲೆಲ್ಲ ನೀಲಿ ನೀಲಿ, ಬಟ್ಟೆಯ ಬಣ್ಣ ಹತ್ತಿ. ಬೇರೆಯವರೆಲ್ಲ ಚಪ್ಪಲಿ ಹಾಕಿಕೊಂಡು ಪೆಡಲ್ ತುಳಿದರೆ ಇವಳು ಬರಿಗಾಲಲ್ಲಿ ತುಳಿಯುತ್ತಿದ್ದಳು. ಯಾಕೆ ಎಂದರೆ, "ಚಪ್ಪಲಿ ಇದ್ರ ಮಷಿನ್ನು ಏನು ಹೇಳ್ತೈತಿ ಅನ್ನೋದು ಕಾಲಿಗಿ ತಿಳಿಯಂಗಿಲ್ಲ ಲೇ" ಎನ್ನುತ್ತಿದ್ದಳು. ನನ್ನ ಮೊದಲ ಚೂಡಿದಾರ ಹೊಲಿದುಕೊಟ್ಟವಳು ಅವಳೇ. ಓಣಿಯಲ್ಲಿ ನನ್ನ ಬಾಯಿಗೆ ಹೆದರದಿದ್ದವಳೂ ಅವಳೊಬ್ಬಳೇ.

ಅಕ್ಕ ಕುಳ್ಳಿ. ಓಣಿಯವರು ಪ್ರೀತಿಯಿಂದಲೇ 'ಗಿಡ್ಡಿ' ಎನ್ನುತ್ತಿದ್ದರು. ಹೆಣ್ಣು ನೋಡಲು ಬಂದವರ ಬಾಯಲ್ಲಿ ಮಾತ್ರ ಆ ಮಾತಿಗೆ ಪ್ರೀತಿ ಇರುತ್ತಿರಲಿಲ್ಲ. ಉಪ್ಪಿಟ್ಟು ತಿಂದು, ಚಹಾ ಕುಡಿದು, ಹೊಲಿಗೆ ಬರುತ್ತದಾ ಅಡುಗೆ ಬರುತ್ತದಾ ಎಂದು ಕೇಳಿ ಮುಗಿಸಿದ ಮೇಲೆ ಯಾರಾದರೂ ಒಬ್ಬ ಹಿರಿ ಹೆಂಗಸು, "ಒಂದೀಟು ಎದ್ದು ನಿಂದ್ರವ್ವ ತಂಗಿ" ಎನ್ನುತ್ತಿದ್ದಳು. ಗಂಡಿನ ತಂಗಿಯನ್ನೋ ಅತ್ತಿಗೆಯನ್ನೋ ಅಕ್ಕನ ಪಕ್ಕ ಭುಜಕ್ಕೆ ಭುಜ ಹಚ್ಚಿ ನಿಲ್ಲಿಸಿ ನೋಡುತ್ತಿದ್ದರು. ಅಲ್ಲಿಗೆ ಮುಗಿಯಿತು. ಆಮೇಲೆ ಅಕ್ಕ ಹಿತ್ತಲಿಗೆ ಹೋಗಿ ಅವರು ತಿಂದ ತಟ್ಟೆ ತೊಳೆಯುತ್ತಿದ್ದಳು. ಹೀಗೆ ಏಳು ಸಲ ನಡೆದದ್ದನ್ನು ನಾನೇ ನೋಡಿದ್ದೇನೆ.

ಎಂಟನೆಯದು ಸಿರುಗುಪ್ಪದ ಸಂಬಂಧ. ಹುಡುಗ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ನೋಡುತ್ತಿದ್ದ, ಒಳ್ಳೆ ಎತ್ತರದ ಆಳು. ಮಧ್ಯಸ್ಥಿಕೆಯವನು ಬಂದು, "ಅವರು ಹೊಸ ಕಾಲದ ಮಂದಿ ರೀ. ಮನಿಗಿ ಬ್ಯಾಡ, ಕಂಟೋನ್ಮೆಂಟಿನಾಗ ಒಂದು ಹೋಟ್ಲಾಗ ಕುಂತು ಮಾತಾಡೋಣು ಅಂತಾರ" ಎಂದ. ಆಗ ಡಿಗ್ರಿ ಓದುತ್ತಿದ್ದ ನನ್ನ ತಲೆ ಓಡಿತು. ಮನೆಯಲ್ಲಾದರೆ ಬರಿಗಾಲು. ಹೋಟೆಲಿನಲ್ಲಿ ಚಪ್ಪಲಿ ಬಿಚ್ಚು ಎನ್ನುವವರು ಯಾರು? ಮರುದಿನವೇ ನಾಲ್ಕು ಇಂಚಿನ ಹೀಲ್ಸ್ ತಂದು ಅಕ್ಕನ ಮುಂದೆ ಇಟ್ಟೆ. ಅಕ್ಕ ಡಬ್ಬಿ ಮುಚ್ಚಿ ವಾಪಸ್ ಕೊಟ್ಟಳು. ಮತ್ತೆ ಇಟ್ಟೆ. ಮತ್ತೆ ಕೊಟ್ಟಳು. ಮೂರನೇ ಸಲ, "ಬ್ಯಾಡ ಲೇ, ಒಂದಿನ ತಿಳಿದೇ ತಿಳೀತೈತಿ" ಎಂದಳು.

"ಸಾವಿರ ಸುಳ್ಳು ಹೇಳಿ ಒಂದು ಮದ್ವಿ ಮಾಡು ಅಂತಾರ" ಎಂದೆ ನಾನು. "ನಾವು ಹೇಳಾಕತ್ತಿದ್ದು ಒಂದೇ ಸುಳ್ಳು, ಅದೂ ನಾಕೇ ಇಂಚಿಂದು."

ಅವಳಿಗೆ ನಗು ಬಂತು. ನಕ್ಕಳೆಂದರೆ ಒಪ್ಪಿದಳು ಎಂದೇ ಅರ್ಥ. ಥೂ ನನ್ನ ಜಾಣತನವೇ!

ನಮ್ಮ ಮಾಳಿಗೆಯ ಮೇಲೆ ನಾಲ್ಕು ಮಧ್ಯಾಹ್ನ ಅವಳಿಗೆ ನಡೆಯುವುದನ್ನು ಕಲಿಸಿದೆ. ಹಿಮ್ಮಡಿ ಕಾಣದ ಹಾಗೆ ಲಂಗವನ್ನು ಉದ್ದ ಮಾಡಿ ಹೊಲಿದುಕೊಂಡಳು, ಸೀರೆಯನ್ನೂ ಇಳಿಬಿಟ್ಟು ಉಡುವುದನ್ನು ರೂಢಿ ಮಾಡಿಕೊಂಡಳು. ಮೂರನೇ ದಿನ ತೊಡರದೆ ಆ ತುದಿಯಿಂದ ಈ ತುದಿಗೆ ನಡೆದು ಬಂದವಳು ತಂತಿಯ ಮೇಲೆ ಒಣಹಾಕಿದ್ದ ಟವೆಲನ್ನು ಎಗರದೆ ಕೈಚಾಚಿ ತೆಗೆದಳು. ಟವೆಲು ಹಿಡಿದುಕೊಂಡು ಒಬ್ಬಳೇ ನಗುತ್ತಾ ನಿಂತಿದ್ದಳು.

ಹೋಟೆಲಿನಲ್ಲಿ ಎಲ್ಲ ಅರ್ಧ ತಾಸಿನಲ್ಲಿ ಮುಗಿಯಿತು. ದೋಸೆ ತಿಂದು ಕೈತೊಳೆಯಲು ಎದ್ದಾಗ ಹುಡುಗ ಅಕ್ಕನ ಪಕ್ಕದಲ್ಲೇ ನಡೆದ. ಅವಳ ತಲೆ ಅವನ ಭುಜ ದಾಟಿತ್ತು. ನಾನು ಹಿಂದಿನ ಟೇಬಲಿನಲ್ಲಿ ಕೂತು ಬೆರಳುಗಳನ್ನು ಹೆಣೆದುಕೊಂಡು ನೋಡುತ್ತಿದ್ದೆ. ಸಂಜೆಯೇ ಒಪ್ಪಿಗೆ ಬಂತು. ಮದುವೆಯಾಗುವವರೆಗೆ ಬೇರೆ ಎಲ್ಲಾದರೂ ಭೇಟಿಯಾದರೆ ಏನು ಗತಿ ಎಂದು ಅಕ್ಕ ಹೆದರಿದ್ದಳು, ಅಂಥದ್ದೇನೂ ಆಗಲಿಲ್ಲ.

ಗಂಡಿನವರ ಮನೆದೇವರು ಕುರುಗೋಡಿನದು, ಮದುವೆಯೂ ಅಲ್ಲಿಯೇ ಆಗಬೇಕೆಂದರು. ಎಲ್ಲ ಯೋಚನೆ ಮಾಡಿದ್ದ ನಾನು ಮಂಟಪದಲ್ಲಿ ಎಲ್ಲರೂ ಬರಿಗಾಲು ಎಂಬುದನ್ನೂ ಯೋಚಿಸಿದ್ದೆ. ತಾಳಿ ಕಟ್ಟುವಾಗ ಕೂತೇ ಇರುತ್ತಾರಲ್ಲ, ಆಮೇಲೆ ತಿಳಿದರೂ ಏನು ಮಾಡಿಯಾರು ಎಂದುಕೊಂಡಿದ್ದೆ. ಜೀರಿಗೆ ಬೆಲ್ಲವನ್ನು ಮರೆತಿದ್ದೆ. ಅಂತರಪಟ ಹಿಡಿದು ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಗಟ್ಟಿಮೇಳವಾಯಿತು, ಪಟ ಸರಿಸಿದರು. ಅವನು ಅವಳ ತಲೆಯ ಮೇಲೆ ಜೀರಿಗೆ ಬೆಲ್ಲ ಇಟ್ಟ. ಇವಳ ಸರದಿ. ಕೈ ಎತ್ತಿದಳು... ತುದಿಗಾಲ ಮೇಲೆ ನಿಂತು ಇನ್ನೊಂದಿಷ್ಟು ಎತ್ತಿದಳು... ಅದು ಅವನ ತಲೆ ಮುಟ್ಟಲಿಲ್ಲ, ಭುಜದ ಮೇಲೆ ಬಿದ್ದು ಹೊಸ ಅಂಗಿಗೆ ಅಂಟಿಕೊಂಡಿತು. ಅವನು ತಲೆ ಬಗ್ಗಿಸಬಹುದಿತ್ತು, ಎಲ್ಲ ಗಂಡುಗಳೂ ನಗುತ್ತಾ ಬಗ್ಗಿಸುತ್ತಾರೆ. ಅವನು ನೆಟ್ಟಗೆ ನಿಂತು ಅವಳ ಪಾದ ನೋಡಿದ. ಅವನ ತಾಯಿ ತೆಲುಗು ಬೆರೆಸಿ ಮಾತಾಡುವ ಹೆಂಗಸು. "ಹೋಟ್ಲಾಗ ನೋಡಿದ ಪಿಲ್ಲ ಎಲ್ಲಿ? ಇದು ಯಾವ ಪಿಲ್ಲ?" ಎಂದಳು. ಎಲ್ಲರಿಗೂ ಕೇಳಿಸಿತು.

ಮದುವೆ ನಿಲ್ಲಲಿಲ್ಲ. ಅಕ್ಷತೆ ಬಿದ್ದ ಮೇಲೆ ನಿಲ್ಲಿಸುವವರು ಯಾರು? ಊಟಕ್ಕೆ ಮುಂಚೆ ಗಂಡಿನ ಸೋದರಮಾವ ಅಕ್ಕನನ್ನು ಒಂದು ಕೋಣೆಗೆ ಕರೆಸಿ, "ಈ ಮೋಸಕ್ಕ ಯಾರದು ತಲಿ?" ಎಂದು ಕೇಳಿದರು. ನಾನು ಅವಳ ಹಿಂದೆಯೇ ನಿಂತಿದ್ದೆ, ಕೈಯಲ್ಲಿ ಅವಳ ಜಡೆಯ ಹೂವು ಇತ್ತು. ಅಕ್ಕ ಹಿಂದೆ ತಿರುಗಿ ನೋಡಲಿಲ್ಲ. "ನಂದೇ" ಎಂದಳು. ನಾನು ಬಾಯಿ ಬಿಡಲಿಲ್ಲ. ಅದೇ ತಿಂಗಳು ಕಂಟೋನ್ಮೆಂಟಿನ ಒಂದು ಮನೆಯವರು ನನ್ನನ್ನು ಕೇಳಿಕೊಂಡು ಬಂದಿದ್ದರು, ಆ ಹುಡುಗ ನನಗೂ ಇಷ್ಟವಾಗಿದ್ದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡವಳು ಅವಳು.

ನಾಲ್ಕು ತಿಂಗಳಾದ ಮೇಲೆ ಅಕ್ಕನ ಅವ್ವನ ಜೊತೆ ಸಿರುಗುಪ್ಪಕ್ಕೆ ಹೋದೆ. ಅಕ್ಕ ದೇವರ ಕೋಣೆಯಲ್ಲಿದ್ದಳು. ಅವಳ ಅತ್ತೆ, "ಪೂಜಿಗಿ ಕುಂತ್ರ ಎರಡು ತಾಸು ಏಳಂಗಿಲ್ಲ ನೋಡ್ರಿ, ಭಾಳ ಭಕ್ತಿ" ಎಂದಳು. ನನಗೆ ಆಶ್ಚರ್ಯವಾಯಿತು. ಊದಿನಕಡ್ಡಿ ಹಚ್ಚಲೂ ಪುರುಸೊತ್ತಿಲ್ಲ ಎಂದು ಕಾರ್ಖಾನೆಗೆ ಓಡುತ್ತಿದ್ದವಳು ಇವಳೇನಾ? ಒಳಗೆ ಇಣುಕಿದೆ. ಅಕ್ಕ ಗೋಡೆಗೆ ಒರಗಿ, ಕಾಲು ಚಾಚಿ, ಎರಡೂ ಕೈಯಿಂದ ಪಾದಗಳನ್ನು ತಿಕ್ಕಿಕೊಳ್ಳುತ್ತಿದ್ದಳು. ಹೆಬ್ಬೆರಳಿನ ಪಕ್ಕ ಹುಣ್ಣಾಗಿತ್ತು. ಹೊಸ್ತಿಲ ಹೊರಗೆ ಒಂದು ಜೊತೆ ಹೈಹೀಲ್ಸ್ ಇತ್ತು.

ಮದುವೆಯ ಮರುದಿನವೇ ಗಂಡ ಹೇಳಿದ್ದನಂತೆ. "ನಾ ಒಪ್ಪಿದ್ದು ಹೋಟ್ಲಾಗಿನ ಹುಡುಗಿನ್ನ. ನನ್ನ ಮನ್ಯಾಗ ಅಕಿನೇ ಇರಬೇಕು." ಎದ್ದಾಗಿನಿಂದ ಮಲಗುವವರೆಗೆ ಅವಳು ಆ ಎತ್ತರದಲ್ಲೇ ಇರಬೇಕು. ಮನೆಯೊಳಗೆ ಚಪ್ಪಲಿ ಮೆಟ್ಟುವುದೇ ಎಂದು ಅತ್ತೆ ತಕರಾರು ತೆಗೆದರೆ ಮನೆಯೊಳಗೆ ಹಾಕಲು ಅಂತಲೇ ಬೇರೆ ಒಂದು ಜೊತೆ ತಂದುಕೊಟ್ಟ. ರೊಟ್ಟಿ ಬಡಿಯುವಾಗ, ಕಸ ಗುಡಿಸುವಾಗ, ಬಟ್ಟೆ ಒಗೆಯುವಾಗ ಅವು ಕಾಲಲ್ಲಿರಬೇಕು. ಬಿಚ್ಚಲು ಎರಡೇ ಜಾಗ, ಬಚ್ಚಲು ಮತ್ತು ದೇವರ ಕೋಣೆ. "ಒಂದಿನಾನೂ ಕೈ ಎತ್ತಿಲ್ಲ ಲೇ, ಬೈದೂ ಇಲ್ಲ" ಎಂದು ಅಕ್ಕ ಅವನ ಪರವಾಗಿಯೇ ಹೇಳಿದಳು.

ಹೊರಡುವ ಹೊತ್ತಿಗೆ ಅವನು ಗಿರಣಿಯಿಂದ ಬಂದ. ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ಸಮಾಧಾನವಾಗಿಯೇ ಮಾತಾಡಿದ. "ಗಿಡ್ಡಿ ಅಂತ ನನಗ ಸಿಟ್ಟಿಲ್ಲವ್ವ. ಮೋಸ ಮಾಡಿದ್ಲಲ್ಲ, ಅದಕ್ಕ. ಅಕಿ ತಲಿ ಅಲ್ಲ, ಬ್ಯಾರೆ ಯಾರೋ ಮಾಡಿಸಿದ್ರು ಅಂತ ಒಬ್ಬರು ನನ್ನ ಮುಂದ ಹೇಳ್ಲಿ, ಇವತ್ತೇ ಆ ಚಪ್ಪಲಿ ಒಲಿಗಿ ಹಾಕ್ತೀನಿ. ನಿನಗೇನರ ಗೊತ್ತೇನು?" ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಹೀಲ್ಸ್ ಹಾಕಿಕೊಂಡು, ಚೌಕಟ್ಟು ಹಿಡಿದುಕೊಂಡು. ನನ್ನ ನಿಶ್ಚಿತಾರ್ಥಕ್ಕೆ ಹದಿನೈದು ದಿನ ಉಳಿದಿತ್ತು. ಇವನಿಗೆ ಹೇಳಿದರೆ ಮಧ್ಯಸ್ಥಿಕೆಯವನಿಗೆ ಗೊತ್ತಾಗುತ್ತದೆ, ನನ್ನ ಸಂಬಂಧ ತಂದವನೂ ಅವನೇ. "ನನಗೇನೂ ಗೊತ್ತಿಲ್ರಿ" ಎಂದೆ. ಅಕ್ಕ ಒಳಗೆ ಹೋದಳು. ಟಕ್ ಟಕ್ ಎಂಬ ಆ ಸಪ್ಪಳ ಒಲೆಯವರೆಗೂ ಕೇಳಿಸಿತು.

ನನ್ನ ಮದುವೆಯಾಯಿತು. ಚೆನ್ನಾಗಿಯೇ ಆಯಿತು. ಆಮೇಲೆ ಅಕ್ಕನನ್ನು ನೋಡಿದ್ದು ಪಂಚಮಿಗೆ ಅವಳು ತವರಿಗೆ ಬಂದಾಗ ಮಾತ್ರ. ನಾಲ್ಕನೆಯದೋ ಐದನೆಯದೋ ಪಂಚಮಿ... ಉಂಡೆ ಕಟ್ಟುತ್ತಾ ಕೂತಿದ್ದಾಗ, "ಈಗ ದೇವರ ಕ್ವಾಣ್ಯಾಗ ನಿಂತ್ರನೂ ಬ್ಯಾನಿ ಲೇ. ಬರಿಗಾಲು ಆಗವಲ್ದು" ಎಂದಳು. ಹಿಮ್ಮಡಿಯ ಹಿಂದಿನ ನರ ಮೊಟಕಾಗಿದೆ ಎಂದು ಡಾಕ್ಟರು ಹೇಳಿದ್ದರಂತೆ. ಅಕ್ಕ ನೆಲದ ಮೇಲೆ ತುದಿಗಾಲಲ್ಲೇ ನಡೆಯುತ್ತಿದ್ದಳು. ಇನ್ನೊಂದು ಉಂಡೆ ಕಟ್ಟಿ ತಟ್ಟೆಗಿಟ್ಟು, "ಆದ್ರೂ ಆವತ್ತು ಹೋಟ್ಲಾಗ ಅರ್ಧ ತಾಸು ಭಾಳ ಚಲೋ ಇತ್ತು. ಮಂದಿ ಮಾರಿ ಸರೀ ಎದುರಿಗಿ ಕಾಣ್ತಿದ್ವು" ಎಂದಳು. ಅವಳು ಹಾಗೆಂದಾಗ ನನಗೆ ಹಗುರವಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಒಂಬತ್ತು ವರ್ಷವಾದ ಮೇಲೆ ಅವನು ಅವಳನ್ನು ತವರಿಗೆ ತಂದುಬಿಟ್ಟ. ಹೆಚ್ಚು ಹೊತ್ತು ನಿಲ್ಲಲಾರದವಳಿಂದ ಏನು ಕೆಲಸ ಆಗುತ್ತದೆ ಎಂದನಂತೆ. ಕರೆದೊಯ್ಯಲು ಬರಲಿಲ್ಲ. ಅಕ್ಕ ಮತ್ತೆ ಜೀನ್ಸ್ ಕಾರ್ಖಾನೆಗೆ ಹೋದಳು. ಮಷಿನ್ನು ಓಡಲು ಮುಂಗಾಲು ಒತ್ತಬೇಕು, ನಿಲ್ಲಲು ಹಿಮ್ಮಡಿ ಒತ್ತಬೇಕು. ಅವಳ ಹಿಮ್ಮಡಿ ಇಳಿಯಲೇ ಇಲ್ಲ. ಮಷಿನ್ನು ಗೆರೆ ದಾಟಿ ಓಡುತ್ತಿತ್ತು. ಎರಡೇ ದಿನಕ್ಕೆ, ನೀನು ಮನೆಯಲ್ಲಿ ಕೂತು ಗುಂಡಿ ಹಚ್ಚವ್ವ ಎಂದು ಕಳಿಸಿದರು. ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತು ಒಂದೇ ಸಲ. ಗಂಡ ಬಿಟ್ಟಾಗಲೂ ಅತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ನಳದಲ್ಲಿ ನೀರು ಬಂದ ದಿನ, ಓಣಿಯವರೆಲ್ಲ ಕೊಡ ಹಿಡಿದು ಓಡಾಡುತ್ತಿದ್ದಾಗ ಅಕ್ಕನೂ ಒಂದು ಕೊಡ ತಂದಿದ್ದಾಳೆ. ತೊಯ್ದ ಬಂಡೆಯ ಮೇಲೆ ತುದಿಗಾಲು ಜಾರಿ ಹಿಂದಕ್ಕೆ ಬಿದ್ದಳು. ತಲೆಗೆ ಪೆಟ್ಟಾಯಿತು. ಮೂರು ದಿನ ಆಸ್ಪತ್ರೆಯಲ್ಲಿ ಮಾತಿಲ್ಲದೆ ಇದ್ದು ಹೋದಳು. ನಾನು ಹೋಗಿ ಅತ್ತು ಬಂದೆ. ಎಲ್ಲರಿಗಿಂತ ಜೋರಾಗಿ ಅತ್ತೆ.

ಮಗಳ ಡಬ್ಬಿ ಬಂದ ಮರುದಿನ ತಡೆಯಲಾಗಲಿಲ್ಲ. ಸತ್ಯನಾರಾಯಣಪೇಟೆಗೆ ಹೋದೆ. ಅಕ್ಕನ ಅವ್ವ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಚಪ್ಪಲಿ ತಂದವಳು ನಾನು, ಮೂರು ಸಲ ಬೇಡವೆಂದರೂ ಬಿಡದವಳು ನಾನು, ಸಿರುಗುಪ್ಪದಲ್ಲಿ ಅವನು ಕೇಳಿದಾಗ ಗೊತ್ತಿಲ್ಲವೆಂದವಳೂ ನಾನೇ. ಅವಳ ಕೈ ನಿಲ್ಲಲಿಲ್ಲ.

"ಗೊತ್ತೈತಿ" ಎಂದಳು. "ಕುರುಗೋಡ್ನಾಗ ಆವತ್ತೇ ಹೇಳಿದ್ಲು. ಅಕಿಗಿ ಗಂಡು ಗೊತ್ತಾಗಾಕತ್ತೈತಿ, ಹೆಸರು ಬಂದ್ರ ಅಕಿ ಮದ್ವಿನೂ ಕೆಡ್ತೈತಿ, ನೀ ಬಾಯಿ ಬಿಡಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡ್ಲು."

"ನನ್ನ ಮದುವಿ ಆದಮ್ಯಾಲರ ಹೇಳಬೇಕಿತ್ತಲ್ಲವ್ವ" ಎಂದೆ. ಹಾಗೆ ಕೇಳಲು ನನಗೆ ಯಾವ ಬಾಯಿತ್ತೋ!

ಮುದುಕಿ ಬೀಜವೊಂದನ್ನು ತಟ್ಟೆಗೆ ಹಾಕಿದಳು. "ನಾ ಹೇಳ್ತೀನಿ ಅಂದೆ. ಬ್ಯಾಡ, ಅಕಿ ಮದ್ವಿ ಆತಲ್ಲ, ಇನ್ನ ಅಕಿನೇ ಬಂದು ಹೇಳ್ತಾಳ ಅಂದ್ಲು. ಫೋನ್ ಮಾಡಿದಾಗೆಲ್ಲ ಅದೇ ಮಾತು. ಇವತ್ತಲ್ಲ ನಾಳಿ ಬರ್ತಾಳವ್ವ, ಅಂತಿದ್ಲು."

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಮದುವೆಯಾದ ಮೇಲೆ ನಾನು ಆ ಬಸ್ಸು ಹತ್ತಲೇ ಇಲ್ಲ.