ಕೆಂಪು ಬಿಳಿ ಪಟ್ಟೆಯ ಹಾಡಿನ ಕೋಣೆ

ಕಳೆದ ವರ್ಷ ಶ್ರಾವಣಕ್ಕೆ ಸ್ವಲ್ಪ ಮುಂಚೆ. ಚಿತ್ತವಾಡ್ಗಿಯ ನಮ್ಮ ಮನೆಯ ಮುಂಗೋಣೆಯಲ್ಲಿ ನಾನು, ನನ್ನ ಹೆಂಡತಿ ಶಾರದಾ, ಕಂಪ್ಲಿಯಿಂದ ಬಂದ ಪೇಂಟರ್ ಹುಲುಗಪ್ಪ ನಿಂತಿದ್ದೆವು. ಸಂಡೂರಿನ ಗಣಿಯಲ್ಲಿ ಅದಿರು ಪುಡಿ ಮಾಡುವ ಮೆಷಿನ್ನಿನ ಗದ್ದಲದಲ್ಲೇ ನನ್ನ ನೌಕರಿ ಮುಗಿದಿತ್ತು. ಇನ್ನಾದರೂ ಕಾಲು ಚಾಚಿ ಕೂತು ಹಳೆಯ ಸಿನಿಮಾ ಹಾಡು ಕೇಳಬೇಕು, ಅದಕ್ಕೇ ಒಂದು ಕೋಣೆ ಬೇಕು ಎಂಬುದು ನನ್ನ ಆಸೆ. ಸೋಫಾ, ಸ್ಪೀಕರ್ ಬಂದಿದ್ದವು. ಬಣ್ಣ ಕಣ್ಣಿಗೆ ಹೊಡೆಯುವಂತಿರಬೇಕಿತ್ತು.

“ನೆಲದಿಂದ ಮ್ಯಾಲಿನತನಕ ಕೆಂಪು ಬಿಳಿ ಅಗಲ ಪಟ್ಟಿ ಹೊಡಿಯಪ್ಪ” ಎಂದೆ.

“ಪಟ್ಟಿ ಅಂದ್ರ ನನ್ ಕೈ ಕುಂತೈತ್ರಿ ಸಾರ್. ಸುತ್ತಮುತ್ತ ಗುಡಿ ಗೋಡಿ ಎಲ್ಲಾ ನಂದಾ ಕೆಲ್ಸ” ಎಂದ ಹುಲುಗಪ್ಪ.

ನನಗೆ ಆಗಲೂ ಹೊಳೆಯಲಿಲ್ಲ.

ಕೆಲಸ ಮುಗಿದ ಮರುದಿನ ಪಕ್ಕದ ಮನೆಯ ಗಂಗಮ್ಮತ್ತೆ ನೋಡಲು ಬಂದರು. ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಭಾಳ ಚಂದ ಆಗೈತೋ ಬಸಣ್ಣ, ಥೇಟ್ ಗುಡಿ! ಇನ್ಮ್ಯಾಲೆ ನಮ್ಮ ಸೋಮವಾರದ ಭಜನಿ ಇಲ್ಲೇ.”

“ಅತ್ತಿ, ಇದು ಹಾಡು ಕೇಳಾಕ ಮಾಡಿಸಿದ್ದು!”

“ನಾವೇನ್ ಬೈಯಾಕ ಬರ್ತೀವೇನೋ? ಹಾಡೇ ಹಾಡ್ತೀವಿ.”

ನನ್ನನ್ನು ಎತ್ತಿ ಆಡಿಸಿದವರು. ಒಪ್ಪಿಕೊಂಡೆ. ಸೋಮವಾರ ಓಣಿಯ ಹೆಂಗಸರೆಲ್ಲ ತಾಳ ಹಿಡಿದು ಬಂದರು. ಸೋಫಾ ಮೂಲೆ ಸೇರಿತು. ಸ್ಪೀಕರ್ ಮೇಲೆ ಬಾಳೆಹಣ್ಣು, ಅದರಲ್ಲಿ ಊದುಬತ್ತಿ!

ಉಳಿದ ದಿನಗಳಲ್ಲಾದರೂ ನೆಮ್ಮದಿಯೇ? ಕಾಲು ಚಾಚಿದರೆ ಶಾರದಾ ಬಾಗಿಲಲ್ಲಿ ಹಾಜರು. “ರೀ, ಕಾಲ್ ಮಡಚ್ರಿ. ಸರಿ ಕಾಣಂಗಿಲ್ಲ.”

“ಇದು ಬರೇ ಡಬ್ಬಿ ಬಣ್ಣ ಮಾರಾಯ್ತಿ, ಗುಡಿ ಅಲ್ಲ!”

“ನನಗ ಗೊತ್ತೈತಿ. ಬಂದೋರಿಗೆ ಗೊತ್ತಿಲ್ಲಲ್ಲ?”

ಬಣ್ಣ ಬದಲಿಸು ಎಂದು ಹುಲುಗಪ್ಪನಿಗೆ ಫೋನ್ ಮಾಡಿದೆ. “ಶ್ರಾವಣ ಮುಗೀಲ್ರಿ ಸಾರ್, ಗುಡಿ ಕೆಲ್ಸ ಭಾಳ ಅದಾವ” ಎಂದ. ನನ್ನದೂ ಒಂದು ಗುಡಿಯೇ ಆಗಿತ್ತಲ್ಲ!

ಒಂದು ಸೋಮವಾರ ತಲೆ ಕೆಟ್ಟುಹೋಯಿತು. ಭಜನೆಯವರು ಬರುವ ಹೊತ್ತಿಗೆ ಸರಿಯಾಗಿ ಹಳೆಯದೊಂದು ಪ್ರೇಮಗೀತೆಯನ್ನು ಜೋರಾಗಿ ಹಚ್ಚಿದೆ. ಹೆಂಗಸರು ಬಾಗಿಲಲ್ಲೇ ನಿಂತುಬಿಟ್ಟರು. ಶಾರದಾ ನನ್ನನ್ನು ಸುಡುವಂತೆ ನೋಡಿದಳು. ನನಗೂ ಒಳಗೊಳಗೇ ಭಯ.

ಗಂಗಮ್ಮತ್ತೆ ಮೆಲ್ಲಗೆ ಒಳಗೆ ಬಂದು, ಗೋಡೆಗೆ ಒರಗಿ ಕೂತು, ಎರಡೂ ಕಾಲು ಚಾಚಿದರು.

“ಮದಿವ್ಯಾದ ಹೊಸದಾಗ ನಿಮ್ಮ ಮಾವ ನನ್ನನ್ನ ಎತ್ತಿನ ಚಕ್ಕಡಿಯಾಗ ಕೂಡಿಸ್ಕೊಂಡು ಟೆಂಟ್ ಟಾಕೀಸಿಗೆ ಕರ್ಕೊಂಡು ಹೋಗಿದ್ರು. ಅಲ್ಲಿ ಕೇಳಿದ್ದ ಹಾಡಿದು. ಸೌಂಡ್ ಏರ್ಸೋ, ಕಿವಿ ಸರಿ ಕೇಳಂಗಿಲ್ಲ.”

ಈಗಲೂ ನೆನೆಸಿಕೊಂಡರೆ ಸಿಟ್ಟೋ ನಗುವೋ ಗೊತ್ತಾಗುವುದಿಲ್ಲ. ಮುಂದಿನ ಸೋಮವಾರ ಅವರು ಯಾರೂ ತಾಳ ತರಲಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಂದರು. ಸೋಫಾದಲ್ಲಿ ನನಗೆ ಜಾಗ ಸಿಗಲಿಲ್ಲ. ನನ್ನದೇ ಸ್ಪೀಕರಿನ ಹಾಡನ್ನು ಹೊರಗೆ ಕಟ್ಟೆಯ ಮೇಲೆ ಕೂತು ಕೇಳಿದೆ.