ನೂರೈವತ್ತು ದಾಟಿದರೆ ನಿಲ್ಲಬೇಕು!

ಗೆದ್ದೆ! ಗೆದ್ದೆ ಎಂದರೆ ಫಸ್ಟ್ ಅಲ್ಲ, ಸೆಕೆಂಡ್. ಆದರೆ ಎಂಟುನೂರು ಮೀಟರ್, ಎಲ್ಲೂ ನಿಲ್ಲದೆ! ನಲವತ್ತೆಂಟನೇ ವಯಸ್ಸಿನಲ್ಲಿ, ಸುಳ್ಯದ ಮೈದಾನದಲ್ಲಿ, ಕಳೆದ ಭಾನುವಾರ. ಬರೆಯುವಾಗಲೂ ಕೈ ಕುಣಿಯುತ್ತಿದೆ.

ಇದರಲ್ಲೇನು ದೊಡ್ಡಸ್ತಿಕೆ ಎನ್ನುತ್ತೀರಾ? ಒಂದು ವರ್ಷದಿಂದ ನಾನು ಎರಡು ಸುತ್ತು ಪೂರ್ತಿ ಓಡಿದವಳಲ್ಲ. ಎದೆಗೆ ಏನೂ ಆಗಿಲ್ಲ. ಪುತ್ತೂರಿನ ಡಾಕ್ಟರು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿ, "ಎಂತ ಸಹ ಇಲ್ಲ ಟೀಚರ್, ಧೈರ್ಯದಲ್ಲಿ ಓಡಿ" ಎಂದೇ ಕಳಿಸಿದ್ದರು.

ಅಡ್ಡ ಬಂದದ್ದು ಸ್ಮಾರ್ಟ್ ವಾಚ್. (ಒಂದು ಕೊಂಡರೆ ಇನ್ನೊಂದು ಫ್ರೀ. ಹಾಗಾಗಿ ಅಂಥದ್ದೇ ಒಂದು ಗಂಡನ ಕೈಗೂ ಬಂತು.) ಎದೆಬಡಿತ ನೂರೈವತ್ತು ಎಂದು ಅದು ತೋರಿಸಿದ ಕೂಡಲೇ ನನ್ನ ಕಾಲು ಸೋಲುತ್ತಿತ್ತು. ಆ ನೂರೈವತ್ತನ್ನು ಹೇಳಿದ್ದು ಯಾರು? ಯಾರೂ ಅಲ್ಲ. ನಾನೇ ಎಳೆದುಕೊಂಡ ಗೆರೆ. ನೂರನಲವತ್ತೊಂಬತ್ತರವರೆಗೆ ಇಲ್ಲದ ಸುಸ್ತು ಒಂದಂಕೆ ಏರಿದಾಗ ಎಲ್ಲಿಂದ ಬರುತ್ತದೆ?

ಶಿಕ್ಷಕರ ಕ್ರೀಡಾಕೂಟಕ್ಕೆ ಹೆಸರು ಕೊಡುವಾಗಲೇ ನಿರ್ಧರಿಸಿದ್ದೆ. ಈ ಸಲವೂ ಅರ್ಧದಲ್ಲಿ ನಿಂತರೆ ಶೂ ಯಾರಿಗಾದರೂ ಕೊಟ್ಟು ಓಟದ ಸುದ್ದಿಯನ್ನೇ ಬಿಡುವುದು.

ನನ್ನ ಗಂಡನಿಗೆ ನೆಟ್ಟಣದಲ್ಲಿ ಪೈಪು, ಪಂಪಿನ ಅಂಗಡಿ. ಮಾತು ಕಡಿಮೆ, ಹೊಗಳಿಕೆ ಅದಕ್ಕಿಂತ ಕಡಿಮೆ. ಅಂದು "ಕಾರು ಬಿಡ್ಲಿಕ್ಕೆ ಜನ ಬೇಕಲ್ಲ" ಎಂದುಕೊಂಡು ಜೊತೆಗೆ ಬಂದರು. ಟ್ರ್ಯಾಕಿನ ಪಕ್ಕ ಕುರ್ಚಿ ಹಾಕಿಸಿ, ನನ್ನ ಮೊಬೈಲನ್ನೂ ಕನ್ನಡಕವನ್ನೂ ಅವರ ಕೈಗಿತ್ತೆ.

"ಕನ್ನಡಕ ಇಲ್ಲದೆ ನನಗೆ ವಾಚ್ ಓದ್ಲಿಕ್ಕೆ ಆಗುದಿಲ್ಲ. ಮೊಬೈಲಲ್ಲಿ ನಂಬರ್ ಬರ್ತದೆ, ಸುತ್ತಿಗೊಮ್ಮೆ ಕೂಗಿ ಹೇಳಿ. ನೂರೈವತ್ತು ದಾಟಿದ್ರೆ ನಿಲ್ತೇನೆ."

"ಆಯ್ತು, ಹೋಗು."

ಇನ್ನೂರು ಮೀಟರಿನ ನಾಲ್ಕು ಸುತ್ತು. ಮೊದಲನೆಯದು ಮುಗಿಯುವಾಗಲೇ ಉಸಿರು ಬಾಯಿಗೆ ಬಂದಿತ್ತು. "ತೊಂಬತ್ತಾರು!" ಎಂದು ಕೂಗಿದರು. ಏನು, ಬರೀ ತೊಂಬತ್ತಾರಾ? ಹಾಗಾದರೆ ನನ್ನಲ್ಲಿ ಇನ್ನೂ ಎಷ್ಟು ಬಾಕಿ ಇರಬಹುದು! ವೇಗ ಹೆಚ್ಚಿಸಿದೆ.

ಎರಡನೇ ಸುತ್ತಿಗೆ, "ನೂರ ಎರಡು! ಎಂತ ಮಾರಾಯ್ತಿ, ವಾಕಿಂಗ್ ಹೋಗುದಾ? ಓಡು!"

ಓಡಿದೆ. ಮೂರನೇ ಸುತ್ತಿನಲ್ಲಿ ಅರಂತೋಡಿನ ಟೀಚರನ್ನು ಹಿಂದೆ ಹಾಕಿದೆ. ಗಂಡ ಎದ್ದು ನಿಂತಿದ್ದರು. "ನೂರಿಪ್ಪತ್ತು ಉಂಟು, ಹೆದರ್ಬೇಡ!" ಕೊನೆಯ ಸುತ್ತಿನಲ್ಲಿ ನಂಬರೇ ಕೇಳಲಿಲ್ಲ. ಕೇಳಿದ್ದು "ಬಾ, ಬಾ, ಬಾ!" ಮಾತ್ರ.

ಗೆರೆ ದಾಟಿ ಅವರ ಕಾಲ ಬುಡದಲ್ಲೇ ಹುಲ್ಲಿನ ಮೇಲೆ ಬಿದ್ದೆ. ಆಗ ಅವರ ಜೇಬಿನಲ್ಲಿದ್ದ ಅವರ ಮೊಬೈಲ್ ಬೀಪ್ ಎಂದಿತು. ತೆಗೆದು ನೋಡಿ ಅವರ ಮುಖ ಬಿಳಿಚಿಕೊಂಡಿತು.

"ನನಗೆ ಎಂತದೋ ಆಗ್ತಾ ಉಂಟು. ಸುಮ್ಮನೆ ನಿಂತದ್ದಕ್ಕೆ ನೂರ ಎಪ್ಪತ್ತೆಂಟು! ಪುತ್ತೂರಿಗೆ ಹೋಗುವ."

ಏಳಲಾರದೆ ಬಿದ್ದಿದ್ದವಳು ಹಾರಿ ಎದ್ದೆ. ಅವರ ಕೈ ಹಿಡಿದುಕೊಂಡೆ. ಹಿಡಿದಾಗ ಕಂಡಿತು, ವಾಚಿನ ಪಟ್ಟಿಯಲ್ಲಿ ನೇಲ್ ಪಾಲಿಶಿನ ಚುಕ್ಕಿ. ನನ್ನದೆಂದು ಗುರುತಿಗೆ ನಾನೇ ಇಟ್ಟದ್ದು! ಬೆಳಗ್ಗಿನ ಗಡಿಬಿಡಿಯಲ್ಲಿ ಅವರದ್ದನ್ನು ನಾನು ಕಟ್ಟಿದ್ದೆ, ನನ್ನದನ್ನು ಅವರು.

ಅಂದರೆ, ನನ್ನ ಮೊಬೈಲ್ ನೋಡಿ ಅವರು ಕೂಗಿ ಹೇಳಿದ್ದೆಲ್ಲ ಅವರದೇ ಎದೆಬಡಿತ. ಅವರ ಮೊಬೈಲಿಗೆ ಬಂದ ನೂರ ಎಪ್ಪತ್ತೆಂಟು ನನ್ನದು! ಗೊತ್ತಿದ್ದರೆ ಎರಡನೇ ಸುತ್ತಿನಲ್ಲೇ ಕೂರುತ್ತಿದ್ದೆ. ಅದೇ ಕಾಲು, ಅದೇ ಎದೆ. ಸುಳ್ಳು ನಂಬರ್ ಓಡಿಸಿತು, ನಿಜವಾದದ್ದು ಕೂರಿಸುತ್ತಿತ್ತು. (ಎದೆನೋವು ಇರುವವರು ನನ್ನ ಮಾತು ಕೇಳಬೇಡಿ, ಡಾಕ್ಟರ ಮಾತು ಕೇಳಿ.)

ನಮ್ಮ ಸ್ಟಾಫ್ ರೂಮಿನಲ್ಲಿ ರಾತ್ರಿ ನಿದ್ದೆ ಬಂತಾ ಎಂದು ಕೇಳಿದರೆ ಉತ್ತರ ಹೇಳಲು ಮೊಬೈಲ್ ತೆಗೆಯುತ್ತಾರೆ. ನಗುವ ಹಾಗಿಲ್ಲ, ನಾನೂ ತೆಗೆಯುತ್ತೇನೆ. ಇಷ್ಟು ವರ್ಷ ಮಕ್ಕಳ ಕೈಗೆ ಒಂದೊಂದು ನಂಬರ್ ಕೊಟ್ಟು, ನಿನ್ನಿಂದ ಇಷ್ಟೇ ಎಂದು ಎಷ್ಟು ಮಂದಿಯನ್ನು ಕೂರಿಸಿದ್ದೇನೋ! ನಾಚಿಕೆಯಾಯಿತು.

ಸಂಜೆ ಮನೆಯಲ್ಲಿ ನನ್ನ ಮೊಬೈಲಿನ ಗ್ರಾಫ್ ತೆರೆದೆ. ನನ್ನ ಕೊನೆಯ ಸುತ್ತಿನ ಹೊತ್ತಿಗೆ, ನಿಂತಲ್ಲೇ ನಿಂತಿದ್ದ ಆ ಮನುಷ್ಯನ ಎದೆ ನೂರನಲವತ್ತಾರಕ್ಕೆ ಏರಿತ್ತು. ತೋರಿಸಿದೆ.

"ವಾಚ್ ಹಾಳಾಗಿರ್ಬೇಕು" ಎಂದು ಮುಖ ಆಚೆ ತಿರುಗಿಸಿದರು.

ಆ ಒಂದು ನಂಬರನ್ನು ಮಾತ್ರ ನಾನು ಕಣ್ಣು ಮುಚ್ಚಿ ನಂಬುತ್ತೇನೆ.