ಎಪ್ಪತ್ತೆರಡು ಕಿಲೋ ಎಂಬ ಸುಳ್ಳು

ನೆಲದಿಂದ ಹತ್ತು ಹನ್ನೆರಡು ಅಡಿ ಮೇಲೆ, ಹಗ್ಗದಲ್ಲಿ ನೇತಾಡುತ್ತಾ ವಿನುತಾ ಟೀಚರ್ ನನ್ನ ತೂಕ ಕೇಳಿದರು. ನಾನೂ ಅವರ ಎದುರಿಗೇ ನೇತಾಡುತ್ತಿದ್ದೆ. ಮುಖಕ್ಕೂ ಮುಖಕ್ಕೂ ಒಂದು ಮೊಳ ಅಂತರ. ಸುಳ್ಳು ಹೇಳುವುದಕ್ಕೆ ಇದಕ್ಕಿಂತ ಕೆಟ್ಟ ಜಾಗ ಇರಲಿಕ್ಕಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಕುಂಬ್ರದ ಬಶೀರ್ ನನ್ನ ಹೈಸ್ಕೂಲು ಗೆಳೆಯ. ದುಬೈಯಲ್ಲಿದ್ದಾಗ ಬಂಡೆ ಹತ್ತುವ ಹುಚ್ಚು ಅಂಟಿಸಿಕೊಂಡವನು. (ಎಲ್ಲರೂ ಅಲ್ಲಿಂದ ಚಿನ್ನ, ಸೆಂಟು ತರುತ್ತಾರೆ. ಇವನು ಹಗ್ಗ ತಂದ.) ಕಡಬದ ಹತ್ತಿರ ಪರಿಚಯದವರ ರಬ್ಬರ್ ತೋಟದ ಹಿಂದೆ ಒಂದು ನೆಟ್ಟನೆಯ ಬಂಡೆ ಇದೆ. ಅವರನ್ನು ಕೇಳಿಯೇ ಅದಕ್ಕೆ ಬೋಲ್ಟ್ ಹೊಡೆಸಿದ್ದಾನೆ. ಭಾನುವಾರ ನಾವು ಮೂವರು ಅಲ್ಲಿ ಹಾಜರ್. ಮೂರನೆಯವರು ಸುಳ್ಯದ ಪಿ.ಟಿ. ಟೀಚರ್ ವಿನುತಾ. ಐವತ್ತೊಂದು ಕಿಲೋ ತೂಗುತ್ತಾರೆ. ನಮ್ಮಿಬ್ಬರಿಗಿಂತ ಚೆನ್ನಾಗಿ ಹತ್ತುತ್ತಾರೆ.

ಆಟ ಸರಳ. ಹತ್ತುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದನ್ನು ಒಂದೊಂದೇ ಬೋಲ್ಟಿಗೆ ಸಿಕ್ಕಿಸುತ್ತಾ ಮೇಲೇರಬೇಕು. ಕೆಳಗೆ ಇನ್ನೊಬ್ಬರು ಅದೇ ಹಗ್ಗವನ್ನು ತಮ್ಮ ಸೊಂಟದ ಕೊಂಡಿಯಲ್ಲಿ ಹಾಯಿಸಿ ಹಿಡಿದಿರುತ್ತಾರೆ. ಬಿದ್ದರೆ ಅವರೇ ಗತಿ. ಹತ್ತುವವನು ತುಂಬಾ ಭಾರವಾಗಿದ್ದರೆ ಹಿಡಿಯುವವರನ್ನು ಹಿಂದಿನ ಮರಕ್ಕೆ ಬಿಗಿಯಬೇಕು. ಇಲ್ಲದಿದ್ದರೆ ಇವನು ಕೆಳಗೆ ಬಂದಾಗ ಅವರು ಮೇಲೆ ಹೋಗುತ್ತಾರೆ.

ಹಾಗಾಗಿ ಯಾರೇ ಹತ್ತುವ ಮೊದಲು ಬಶೀರ್ ತೂಕ ಕೇಳಿಯೇ ಕೇಳುತ್ತಾನೆ. ಈ ಸಲ ಹತ್ತುವ ಸರದಿ ನನ್ನದು, ಹಗ್ಗ ಹಿಡಿಯುವ ಸರದಿ ಟೀಚರದ್ದು. ನಾನು ಎಪ್ಪತ್ತೆರಡು ಎಂದೆ.

ನಿಜ ಎಷ್ಟು? ಎಂಬತ್ತನಾಲ್ಕು. (ಬೆಳಗ್ಗಿನ ನೀರುದೋಸೆ, ಕೋಳಿಸಾರು ಸೇರಿಸದೆ.)

ಯಾಕೆ ಹಾಗೆಂದೆ? ಗೊತ್ತಿಲ್ಲ. ಅಡಿಕೆ ತೂಗುವಾಗ ನೂರು ಗ್ರಾಂ ಕಡಿಮೆ ಬಂದರೆ ಅಂಗಡಿಯಲ್ಲೇ ಜಗಳಕ್ಕೆ ನಿಲ್ಲುವ ಜನ ನಾವು. ಸ್ವಂತ ತೂಕದಲ್ಲಿ ಮಾತ್ರ ಹನ್ನೆರಡು ಕಿಲೋ ಧಾರಾಳವಾಗಿ ಬಿಟ್ಟುಕೊಡುತ್ತೇವೆ. ಬಶೀರ್ ನನ್ನ ಹೊಟ್ಟೆಯನ್ನೊಮ್ಮೆ ನೋಡಿದ. ಗೆಳೆಯನಲ್ಲವೇ, ನಂಬಿದ. ಟೀಚರನ್ನು ಮರಕ್ಕೆ ಕಟ್ಟಲಿಲ್ಲ.

ನಾಲ್ಕನೇ ಬೋಲ್ಟ್ ದಾಟಿದ ಮೇಲೆ ನನ್ನ ಕಾಲು ಜಾರಿತು. ನಾನು ಕೆಳಗೆ, ಟೀಚರ್ ಸುಂಯ್ ಎಂದು ಮೇಲೆ. ದಾರಿಯಲ್ಲಿ ಅವರ ಮೊಣಕೈ ಬಂಡೆಗೆ ಉಜ್ಜಿತು. ಆದರೂ ಹಗ್ಗದ ಮೇಲಿನ ಹಿಡಿತ ಸಡಿಲಿಸಲಿಲ್ಲ. ಸಡಿಲಿಸಿದ್ದರೆ ಈ ಅಂಕಣದ ಜಾಗದಲ್ಲಿ ಬೇರೆ ಏನೋ ಇರುತ್ತಿತ್ತು.

“ಅಣ್ಣ, ಸರಿಯಾಗಿ ಎಷ್ಟು ಉಂಟು ನೀವು?”

“ಎಂಬತ್ತನಾಲ್ಕು” ಎಂದೆ.

ಟೀಚರ್ ಸ್ವಲ್ಪ ಸ್ವಲ್ಪವೇ ಹಗ್ಗ ಬಿಡುತ್ತಾ ಮೊದಲು ನನ್ನನ್ನು, ಆಮೇಲೆ ತಮ್ಮನ್ನು ಇಳಿಸಿಕೊಂಡರು. ಬಶೀರ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಟೀಚರ ಮೊಣಕೈಯ ರಕ್ತ ಕಂಡದ್ದೇ ಅವನ ನಗು ನಿಂತಿತು. ನನಗಂತೂ ಮುಖ ಎತ್ತಲಾಗದಷ್ಟು ನಾಚಿಕೆ. ಕ್ಷಮಿಸಿ ಟೀಚರ್, ಹೇಳಿದರೆ ನೀವು ನಗಾಡುತ್ತೀರಿ ಅಂತ ಆಯಿತು ಎಂದೆ.

“ನಗಾಡ್ಲಿಕ್ಕೆ ಎಂತ ಉಂಟು ಅಣ್ಣ?” ಎಂದರು ಗಾಯಕ್ಕೆ ನೀರು ಹಾಕುತ್ತಾ. “ಎಂಬತ್ತನಾಲ್ಕು ಅಂದಿದ್ರೆ ನಾನು ಮರಕ್ಕೆ ಕಟ್ಟಿಕೊಳ್ತಿದ್ದೆ. ಅಷ್ಟೇ.”

ಅಷ್ಟೇ! ನಮ್ಮ ದೊಡ್ಡ ಗುಟ್ಟಿಗೆ ಎದುರಿನವರ ಹತ್ತಿರ ಇಷ್ಟು ಸಣ್ಣ ಪರಿಹಾರ ಇರುತ್ತದೆ ಎಂದು ನಮಗೆ ಹೊಳೆಯುವುದೇ ಇಲ್ಲ. ಮರದ ಸುತ್ತ ಒಂದು ಗಂಟು, ಮುಗಿಯಿತು.

ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಟೀಚರ್ ಮತ್ತೆ ಹಗ್ಗ ಹಿಡಿದರು. ಬಶೀರ್ ಹಿಡಿಯುತ್ತೇನೆ ಎಂದರೂ ಕೇಳಲಿಲ್ಲ. ಈ ಸಲ ಬೆನ್ನ ಹಿಂದೆ ಗಟ್ಟಿ ಹಲಸಿನ ಮರ. ನಾನು ಅದೇ ಜಾಗದಲ್ಲಿ ಮತ್ತೆ ಜಾರಿದೆ. ಅವರು ನಿಂತಲ್ಲಿಂದ ಒಂದು ಹೆಜ್ಜೆ ಮುಂದೆ ಬಂದರು, ಅಷ್ಟರಲ್ಲೇ ನಿಂತರು. ಮೂರನೇ ಸಲಕ್ಕೆ ತುದಿ ಮುಟ್ಟಿದೆ. ಎಂಬತ್ತನಾಲ್ಕು ಕಿಲೋ ಪೂರ್ತಿ ಮುಟ್ಟಿತು ಎಂದು ಕೆಳಗಿನಿಂದ ಬಶೀರ್ ಕೂಗಿದ.

ಸಂಜೆ ಮನೆಯಲ್ಲಿ ಹೆಂಡತಿ, ಬಿಪಿ ಮಾತ್ರೆ ದಿನಾ ತೆಗೆದುಕೊಳ್ಳುತ್ತಿದ್ದೇನಾ ಎಂದು ಕೇಳಿದಳು. “ಹೂಂ” ಗಂಟಲವರೆಗೆ ಬಂತು. ನುಂಗಿಕೊಂಡು, ನಾಲ್ಕು ದಿನದಿಂದ ಇಲ್ಲ ಎಂದೆ. ಅವಳು ಬೈಯಲಿಲ್ಲ, ಮಾತ್ರೆಯನ್ನೂ ನೀರನ್ನೂ ತಂದು ಮುಂದಿಟ್ಟಳು.

ನಿಮ್ಮ ಹಗ್ಗ ಹಿಡಿದವರಿಗೆ ನೀವು ಎಷ್ಟು ಕಿಲೋ ಅಂತ ಹೇಳಿದ್ದೀರಿ?